ಮೊನೆ ಇಲ್ಲದ ಚಾಕು

ಕಂತು ೧೧

"ಮುಟ್ಟಬ್ಯಾಡ್ರಿ ಕಾಕಾ. ಬರೇ ಕಣ್ಣಿಲೆ ನೋಡ್ರಿ."

ಸಬ್ ಇನ್‌ಸ್ಪೆಕ್ಟರ್ ಅವಧೂತ ಜಗದಾಳೆ ಮೊಹರು ಹಾಕಿದ ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟು ನನ್ನ ಕಡೆಗೆ ಸರಿಸಿದರು. ಅವರ ತಾಯಿಯ ಊರು ಅಕ್ಕಲಕೋಟೆ, ಹಾಗಾಗಿ ಕನ್ನಡ ಬರುತ್ತದೆ. ಸಿಟ್ಟು ಬಂದಾಗ ಮಾತ್ರ ಮರಾಠಿ.

ನೋಡಿದೆ.

ಶೀಸಂ ಕಟ್ಟಿಗೆಯ ಹಿಡಿ, ಹಿಡಿಯ ಮೇಲೆ ಬೆಲ್ಲದ ಬಣ್ಣದ ಒಂದು ಮಚ್ಚೆ, ಮಡಚುವ ಅಲಗು, ಉದ್ದ ಎರಡೂಮುಕ್ಕಾಲು ಇಂಚು. ನನ್ನ ಅಂಗಡಿಯದೇ. ಏಪ್ರಿಲ್ ತಿಂಗಳಲ್ಲಿ ಸ್ನೇಹಲ್ ಆ ಮಚ್ಚೆ ನೋಡಿಯೇ ಇದನ್ನು ಆರಿಸಿಕೊಂಡಿದ್ದಳು.

"ನಿಮ್ಮದ ಏನ್ರಿ?"

"ನಂದ ಸಾಹೇಬ್ರ. ಆದ್ರ..."

"ಆದ್ರ ಏನು? ಖರಂ ಸಾಂಗಾ. ಖರೆ ಹೇಳ್ರಿ."

"ಹಿಡಿ ನಂದು, ಅಲಗು ನಂದು. ಈ ಮೊನಿ ನಂದಲ್ಲ."

ಅವಧೂತರು ಬರೆಯುತ್ತಿದ್ದ ಪೆನ್ನು ನಿಂತಿತು.

ಮೊದಲ ಬಾರಿಗೆ ಓದುವವರಿಗೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ: ಖಂಡೇನವಮಿ ಅಂದರೆ ಆಯುಧಪೂಜೆಯ ದಿನ ಮಧ್ಯಾಹ್ನ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಡಿಸ್ಪ್ಯಾಚ್ ಸೂಪರ್‌ವೈಸರ್ ಮಹೇಶಕುಮಾರ ಹೊಟ್ಟೆಗೆ ಚಾಕು ಬಿದ್ದು ಸತ್ತ, ಹೆಣದ ಪಕ್ಕ ಅದೇ ಚಾಕು ಹಿಡಿದು ಕೂತಿದ್ದ, ಅಲ್ಲೇ ಪ್ಯಾಕಿಂಗ್ ಕೆಲಸದ ಇಪ್ಪತ್ಮೂರು ವರ್ಷದ ಸ್ನೇಹಲ್ ಅಂದಿನಿಂದ ಯರವಡಾ ಜೈಲಿನಲ್ಲಿದ್ದಾಳೆ, ಮತ್ತು ಇವತ್ತಿನವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಮಹೇಶಕುಮಾರ ಅವಳ ಬೆನ್ನು ಬಿದ್ದಿದ್ದ. ಅದು ಇಡೀ ಪ್ಯಾಕಿಂಗ್ ವಿಭಾಗಕ್ಕೆ ಗೊತ್ತಿತ್ತು. ಕಾರಣವೂ ಇತ್ತು, ಕೈಯಲ್ಲಿ ಚಾಕುವೂ ಇತ್ತು. ಪೊಲೀಸರಿಗೆ ಇನ್ನೇನು ಬೇಕು?

ಅವಳಿಗೆ ಆ ಚಾಕು ಆರಿಸಿ ಕೊಟ್ಟವನು ನಾನು, ಚನ್ನವೀರ. ಪಿಂಪ್ರಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಇಪ್ಪತ್ತಾರು ವರ್ಷ ದುಡಿದು, ಈಗ ಚಿಂಚವಾಡ ಸ್ಟೇಶನ್ ರಸ್ತೆಯಲ್ಲಿ ಎಂಟು ಅಡಿ ಅಗಲದ ಅಂಗಡಿ ಇಟ್ಟುಕೊಂಡವನು. ಚಾಕು, ಕತ್ತರಿ, ಸ್ಕ್ರೂಡ್ರೈವರ್ ಮಾರುತ್ತೇನೆ, ಸಾಣೆ ಹಿಡಿಯುತ್ತೇನೆ. ಪತ್ತೇದಾರಿಕೆ ನನ್ನ ಕೆಲಸವಲ್ಲ. ಆದರೆ ಮಾಡಿದ ಪಾಪಕ್ಕೆ ಓಡಾಡುತ್ತಿದ್ದೇನೆ.

"ಮೊನಿ ನಿಮ್ಮದಲ್ಲ ಅಂದ್ರ?" ಅವಧೂತರು ಕೇಳಿದರು.

"ಕೊಡೋ ಮುಂದ ನಾನ ಸಾಣಿ ಹಿಡಿದು ಇದರ ಮೊನಿ ತಗದಿದ್ದೆ ಸಾಹೇಬ್ರ. ತುದಿ ಗುಂಡಗ ಮಾಡಿದ್ದೆ, ಚಮಚದ ಹಂಗ. ಪ್ಯಾಕಿಂಗ್ ಪಟ್ಟಿ ಕೊಯ್ಯಬಹುದು, ಹಣ್ಣು ಹೆಚ್ಚಬಹುದು. ಮನಷ್ಯಾನ ಹೊಟ್ಟ್ಯಾಗ ಹೋಗತಿದ್ದಿಲ್ಲ. ಯಾರೋ ಆಮ್ಯಾಲ ಮೊನಿ ಎತ್ತ್ಯಾರ."

ಅವರು ಪೆನ್ನು ಕೆಳಗಿಟ್ಟರು.

"ಹುಡುಗಿ ಕಡೆ ರಂಜನಾ ವಕೀಲ್ರು ಕಲಿಸಿ ಕಳಿಸ್ಯಾರೇನು ಇದನ್ನ?"

"ನನಗ ಕಲಿಸಾಕ ಯಾರಿಗೂ ಆಗೂದಿಲ್ರಿ. ಆಗಿದ್ರ ಈ ಚಾಕು ಕೊಡತಿದ್ದಿಲ್ಲ ನಾ."

ನಗು ಬರುವ ಮಾತಲ್ಲ. ಅವರೂ ನಗಲಿಲ್ಲ.

*

ಏಪ್ರಿಲ್‌ನ ಆ ರವಿವಾರ ನನಗೆ ಈಗಲೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ತಾಯಿ, ಮಗಳು ಇಬ್ಬರೂ ಬಂದಿದ್ದರು. ತಾಯಿ ಗೌರಾಬಾಯಿ ಇಂಡಿ ಕಡೆಯವಳು. ಗಂಡ ಹೋಗಿ ಹನ್ನೆರಡು ವರ್ಷ, ನಮ್ಮ ಕಾಲೊನಿಯಲ್ಲೇ ಖಡಕ್ ರೊಟ್ಟಿ ಬಡಿದು ಮಾರುತ್ತಾಳೆ. ಅವಳಿಗೆ ಈ ಭೂಮಿಯ ಮೇಲೆ ಇರುವುದು ದೇವರು ಮತ್ತು ಸ್ನೇಹಲ್, ಇಬ್ಬರೇ.

"ಮಾಮಾ, ದಿನಾ ಬ್ಯಾಗಿನ್ಯಾಗ ಇಟ್ಕೊಳ್ಳಾಕ ಒಂದು ಚಾಕು ಬೇಕು," ಅಂದಳು ಹುಡುಗಿ.

"ಯಾತಕ್ಕವ್ವ?"

"ಪ್ಯಾಕಿಂಗ್ ಪಟ್ಟಿ ಕೊಯ್ಯಾಕ. ಕಂಪನಿ ಕಟರ್ ಯಾವಾಗ್ಲೂ ಸಿಗೂದಿಲ್ಲ."

ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಗುಂಡಿ ಒತ್ತಿದರೆ ಫಟ್ಟನೆ ತೆರೆದುಕೊಳ್ಳುವ ಚಾಕು, ಕಪ್ಪು ಬಣ್ಣ, ಹಾವಿನ ನಾಲಿಗೆಯಂಥ ತುದಿ.

"ಇದಾ? ಇದನ್ನ ಇಟ್ಕೊಂಡ್ರ ಪಟ್ಟಿ ಕೊಯ್ಯೂದಕ್ಕಿಂತ ಮೊದಲ ಪೊಲೀಸ್ರು ನಿನ್ನ ಕೈ ಹಿಡೀತಾರ," ಎಂದೆ.

ನನಗೆ ಕಾಯ್ದೆ ಹೇಳುವುದೆಂದರೆ ಹಿಗ್ಗು. ಶುರು ಮಾಡಿದೆ. ಅಲಗು ಒಂಬತ್ತು ಇಂಚಿಗಿಂತ ಉದ್ದ ಇರಬಾರದು, ಎರಡು ಇಂಚಿಗಿಂತ ಅಗಲ ಇರಬಾರದು. ಅದು ಕಾಯ್ದೆಯ ಗೆರೆ, ಆದರೆ ಗೆರೆಯ ಮೇಲೆ ನಿಲ್ಲಬಾರದು, ಬಹಳ ಒಳಗೆ ನಿಲ್ಲಬೇಕು. ಮೂರು ಇಂಚಿನ ಒಳಗಿನದು ಛಲೋ. ಗುಂಡಿ ಬೇಡ, ಸ್ಪ್ರಿಂಗ್ ಬೇಡ, ಎರಡೂ ಕಡೆ ಹರಿತ ಬೇಡ. ಉಗುರಿನಿಂದ ಬಿಡಿಸುವಂಥದ್ದು ಇರಲಿ. ಹಬ್ಬದ ದಿನಗಳಲ್ಲಿ ಕಮಿಶನರ್ ಆಯುಧ ಒಯ್ಯಬಾರದು ಅಂತ ಬಂದಿ ಹುಕುಂ ಹೊರಡಿಸಿದರೆ ಅದೂ ಮನೆಯಲ್ಲೇ ಇರಲಿ. ಕಂಪನಿ ಗೇಟಿನಲ್ಲಿ ಬರೆಸು. ಯಾರಾದರೂ ಕೇಳಿದರೆ ಐಡಿ ಕಾರ್ಡು ತೋರಿಸಿ, ಕೆಲಸದ್ದು ಅನ್ನು.

ಹತ್ತು ಚಾಕು ತೆಗೆದು ಮುಂದಿಟ್ಟೆ. ತೂಕ ನೋಡು, ಹಿಡಿತ ನೋಡು, ಬೆವರಿದ ಕೈಯಲ್ಲಿ ಜಾರುತ್ತದೋ ನೋಡು. ಕೊನೆಗೆ ಅವಳು ಈ ಮಚ್ಚೆಯ ಹಿಡಿಯದನ್ನು ಎತ್ತಿಕೊಂಡಳು. ನಾನು ಸಾಣೆ ತಿರುಗಿಸಿ ಮೊನೆ ತೆಗೆಯಲು ಹೋದೆ.

"ಮೊನಿ ಇರ್ಲಿ ಮಾಮಾ," ಅಂದಳು. ಸಣ್ಣ ದನಿ.

"ಪಟ್ಟಿ ಕೊಯ್ಯಾಕ ಮೊನಿ ಯಾಕವ್ವ? ಅವಸರದಾಗ ನಿನ್ನ ಕೈಗೇ ಚುಚ್ಚಿಕೋತಿ."

ಅವಳು ಪರ್ಸು ತೆಗೆದು ರೊಕ್ಕ ಎಣಿಸಿದಳು.

ಹುಡುಗಿಯ ಮುಖದಲ್ಲಿ ಅಂಜಿಕೆ ಇತ್ತು. ಕಂಡಿತ್ತು ನನಗೆ. ಕುರುಡನಲ್ಲ ನಾನು. ಇಂಚು ಅಳೆದೆ, ಕಾಯ್ದೆ ಹೇಳಿದೆ, ಹಿಡಿತ ನೋಡಿದೆ. 'ಯಾರಿಗೆ ಅಂಜತೀ ನೀನು?' ಅಂತ ಒಂದು ಮಾತು ಕೇಳಲಿಲ್ಲ. ಥೂ, ನನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳಲಿ.

*

"ಭೂತಗನ್ನಡಿ ತಂದೀನಿ ಸಾಹೇಬ್ರ. ಚೀಲದ ಮ್ಯಾಲಿಂದ ನೋಡ್ಲೇನು?"

ಅವಧೂತರು ಹೂಂ ಅಂದರು. ಬಗ್ಗಿ ನೋಡಿದೆ.

ಸಾಣೆ ಹಿಡಿದವನ ಕೈ ಅಲಗಿನ ಮೇಲೆ ಉಳಿಯುತ್ತದೆ. ಎಲ್ಲರಿಗೂ ಕಾಣುವುದಿಲ್ಲ, ನನ್ನಂಥವನಿಗೆ ಕಾಣುತ್ತದೆ. ಈ ಮೊನೆಯನ್ನು ಹೊಸದಾಗಿ ಎತ್ತಿದ ಜಾಗದಲ್ಲಿ ಗೆರೆಗಳು ಓರೆಯಾಗಿದ್ದವು. ಕೆಲಸ ಬಲ್ಲವನ ಕೈ, ಒಂದೇ ಏಟಿಗೆ ಎತ್ತಿದ್ದಾನೆ. ನಾಲ್ಕೈದು ಸಣ್ಣ ಗೆರೆಗಳ ನಡುವೆ ಒಂದೊಂದು ಆಳದ ಗೆರೆ. ಅಂದರೆ ತಿರುಗುವ ಕಲ್ಲಿನಲ್ಲಿ ಎಲ್ಲೋ ಒಂದು ಚೂರು ಹಾರಿದೆ. ಸುತ್ತಿಗೊಂದು ಸಲ ಅದು ಅಲಗನ್ನು ಗೀರುತ್ತದೆ.

ಕೊಲೆಯಾದಾಗಿನಿಂದ ಈ ಇಪ್ಪತ್ಮೂರು ದಿನಗಳಲ್ಲಿ ಮೊದಲ ಸಲ ಎದೆಯಲ್ಲಿ ಸ್ವಲ್ಪ ಬಿಸಿ ಬಂತು. ಆ ಕಲ್ಲು ಸಿಕ್ಕರೆ, ಆ ಕೈ ಸಿಗುತ್ತದೆ.

ಹೇಳಿದೆ. ಅವಧೂತರು ಎಲ್ಲ ಬರೆದುಕೊಂಡರು.

"ಹುಡುಗಿನ್ನ ಒಳಗ ಇಡೂದು ನನಗೇನು ಖುಷಿ ಅಲ್ರಿ ಕಾಕಾ. ಅಕಿ ಒಂದು ಮಾತು ಆಡ್ಲಿ ಸಾಕು. ಹೆಣದ ಬಾಜೂಕ ಚಾಕು ಹಿಡಕೊಂಡು ಕುಂತಾಳ, ಕೇಳಿದ್ರ ಬಾಯಿಲ್ಲ. ನಾ ಏನು ಮಾಡ್ಲಿ?" ಅಂದರು. "ನಾಳೆ ಹನ್ನೊಂದಕ್ಕ ಜಾಮೀನ ಅರ್ಜಿ. ಇವತ್ತ ಮಧ್ಯಾಹ್ನ ನಾ ಶಿವಾಜಿನಗರ ಕೋರ್ಟಿಗೆ ಹೋಗಿ ನಮ್ಮ ಉತ್ತರ ಕೊಡಬೇಕು. ಏನರ ಸಿಕ್ಕರ ಅಷ್ಟರಾಗ ತರ್ರಿ."

ಪೊಲೀಸರ ಫೋಟೋದಲ್ಲಿ ಮೊನೆ ಕಂಡಾಗಲೇ ರಂಜನಾ ವಕೀಲರು ನನ್ನ ಅಫಿಡವಿಟ್ ಬರೆಸಿ ಸಿದ್ಧ ಮಾಡಿಟ್ಟಿದ್ದರು. 'ಈ ಚಾಕುವಿನ ಮೊನೆಯನ್ನು ನಾನೇ ತೆಗೆದು ಕೊಟ್ಟಿದ್ದೇನೆ, ಆಮೇಲೆ ಎತ್ತಿದ ಕೈ ನನ್ನದಲ್ಲ.' ಅಷ್ಟೇ. ಚಾಕು ನಡುವೆ ಬೇರೆಯವರ ಕೈಗೆ ಹೋಗಿತ್ತು ಅಂತ ತೋರಿಸುವ ಆ ಎರಡು ಸಾಲಿನ ಮೇಲೆ ಹುಡುಗಿಯ ಜೀವ ನಿಂತಿತ್ತು.

*

ಠಾಣೆಯಿಂದ ಕಾರ್ಖಾನೆ ಗೇಟು ರಿಕ್ಷಾದಲ್ಲಿ ಹತ್ತು ನಿಮಿಷ. ಚಹಾದ ಬಿಡುವಿಗೆ ಶಿವರಾಜ ಹೊರಗೆ ಬಂದ.

ಶಿವರಾಜ ಅಲ್ಲಿ ಮೇಂಟೆನೆನ್ಸ್ ಫಿಟ್ಟರ್. ಅಥಣಿಯ ಹುಡುಗ. ಸ್ನೇಹಲ್‌ಳನ್ನು ಮದುವೆಗೆ ಕೇಳಿ ಇಲ್ಲ ಅನ್ನಿಸಿಕೊಂಡವನು. ಮಹೇಶಕುಮಾರನ ಕಾಲರ್ ಹಿಡಿದು ಎರಡು ಸಲ ಎಚ್ಚರಿಕೆ ಪತ್ರ ತಿಂದವನು. ಇವನ ಕೈಯಲ್ಲಿ ಇಡೀ ದಿನ ಗ್ರೈಂಡರ್. ನನ್ನ ಮನಸ್ಸು ಇವನ ಕಡೆಗೆ ವಾಲಿತ್ತು, ಸುಳ್ಳು ಯಾಕೆ ಹೇಳಲಿ?

ಕಿಸೆಯಿಂದ ಒಂದು ಕಬ್ಬಿಣದ ಪಟ್ಟಿ ತೆಗೆದು ಮುಂದೆ ಹಿಡಿದೆ.

"ನಿಮ್ಮ ಗ್ರೈಂಡರಿಗೆ ಇದನ್ನ ಹಿಡದು ತಾ."

ಅವನು ಪಟ್ಟಿ ನೋಡಿದ, ನನ್ನನ್ನು ನೋಡಿದ. ಮುಖ ಕಪ್ಪಿಟ್ಟಿತು.

"ಕಾಕಾ, ನನ್ನ ಮ್ಯಾಲೂ ಸಂಶೇನ್ರಿ?"

"ಎಲ್ಲಾರ ಮ್ಯಾಲೂ ಅದ. ಕುಂಬಳಕಾಯಿ ಕಳ್ಳ ಅಂದ್ರ ನೀ ಯಾಕ ಹೆಗಲು ಮುಟ್ಟಿ ನೋಡ್ಕೋತಿ?"

"ನಾ ಹೊಡದಿದ್ರ..." ಅವನು ಗೇಟಿನ ಕಡೆ ಮುಖ ತಿರುಗಿಸಿದ. "ನಾ ಹೊಡದಿದ್ರ ಅಕಿನ್ನ ಒಂದು ದಿನಾನೂ ಒಳಗ ಇಡತಿದ್ದಿಲ್ರಿ. ಆವತ್ತ ಹೋಗಿ ಒಪ್ಪಿಕೋತಿದ್ದೆ."

ಪಟ್ಟಿ ಕಸಿದುಕೊಂಡು ಒಳಗೆ ಹೋದ. ಆರು ನಿಮಿಷಕ್ಕೆ ತಂದು ಕೊಟ್ಟ. ಇನ್ನೂ ಬಿಸಿ ಇತ್ತು.

ಗೇಟಿನ ಬಳಿಯೇ ಭೂತಗನ್ನಡಿ ಹಿಡಿದೆ. ಗೆರೆಗಳು ನೇರ, ಒರಟು, ಒಂದೇ ಸಮ. ಆಳದ ಗೀರು ಒಂದೂ ಇಲ್ಲ. ಆ ಕಲ್ಲಲ್ಲ ಇದು.

"ಏನಾತ್ರಿ?"

"ನೀ ಅಲ್ಲ."

ಅವನು ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡ. ನನಗೆ ಅವನನ್ನು ಸಮಾಧಾನ ಮಾಡುವ ಮುಖ ಇರಲಿಲ್ಲ. ಅವನಲ್ಲ ಅಂದರೆ ಮತ್ತೆ ಯಾರು? ಚಾಕಣದಿಂದ ರಾಂಜಣಗಾಂವದವರೆಗೆ ತಿರುಗುವ ಕಲ್ಲುಗಳು ಸಾವಿರ ಇವೆ. ನನ್ನ ಕೈಯಲ್ಲಿ ಇರುವುದು ಇವತ್ತಿನ ಮಧ್ಯಾಹ್ನ ಒಂದು.

*

ಅಂಗಡಿಗೆ ಬರುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ರಂಜನಾ ವಕೀಲರ ಫೋನು.

"ಕಾಕಾ, ಫ್ಯಾಕ್ಟರಿ ಸ್ಯಾಂಪಲ್ ಬ್ಯಾರೆ ಅದ ಅಂದ್ರಲ್ಲ, ಅದೂ ನಮಗ ಛಲೋನ. ಒಂದು ಕೆಲಸ ಮಾಡ್ರಿ. ನಿಮ್ಮ ಕಲ್ಲಿಗೂ ಒಂದು ಪಟ್ಟಿ ಹಿಡದು ಫೋಟೋ ಕಳಿಸ್ರಿ. ಎರಡೂ ಅಲ್ಲ ಅಂತ ತೋರಿಸಿಬಿಡೂಣು. ಜಡ್ಜ್ ಸಾಹೇಬ್ರು ಮೊದಲು ನಿಮ್ಮನ್ನ ಕೇಳತಾರ."

"ನಂದ್ಯಾಕವ್ವ? ನಾ ಎತ್ತಿಲ್ಲ ಅಂತ ನನಗ ಗೊತ್ತಿಲ್ಲೇನು?"

"ನಿಮಗ ಗೊತ್ತದರಿ. ಕೋರ್ಟಿಗೆ ಗೊತ್ತಾಗಬೇಕಲ್ಲ!"

ಬೈದುಕೊಳ್ಳುತ್ತಲೇ ಸಾಣೆ ಶುರು ಮಾಡಿದೆ. ಕಬ್ಬಿಣದ ಪಟ್ಟಿ ಹಿಡಿದೆ, ಓರೆಯಾಗಿ, ನನ್ನ ಅಭ್ಯಾಸದಂತೆ. ಕಿಡಿ ಹಾರಿತು. ತಣ್ಣೀರಲ್ಲಿ ಅದ್ದಿ, ಒರೆಸಿ, ಭೂತಗನ್ನಡಿ ಹಿಡಿದೆ.

ಓರೆ ಗೆರೆಗಳು. ನಾಲ್ಕೈದು ಸಣ್ಣವು, ಒಂದು ಆಳದ್ದು. ಮತ್ತೆ ನಾಲ್ಕೈದು ಸಣ್ಣವು, ಒಂದು ಆಳದ್ದು.

ಕಲ್ಲನ್ನು ನಿಲ್ಲಿಸಿ ಬೆರಳು ಸವರಿದೆ. ಅಂಚಿನಲ್ಲಿ ಜೋಳದ ಕಾಳಿನಷ್ಟು ತಗ್ಗು. ದಸರೆಗೆ ಮುಂಚೆ ಯಾವಾಗಲೋ ಚೂರು ಹಾರಿದೆ, ಬದಲಿಸಬೇಕು ಅಂದುಕೊಂಡು ಮರೆತಿದ್ದೆ.

ಅಯ್ಯೋ ಶಿವನೇ.

ಆಮೇಲೆ ಮೆಲ್ಲಗೆ ನೆನಪಾಯಿತು. ಅಲ್ಲ, ನೆನಪಾಗಲಿಲ್ಲ, ಅದೇ ನನ್ನ ಸಂಕಟ. ಲೆಕ್ಕ ಹಾಕಿ ತಿಳಿದುಕೊಂಡೆ.

ಖಂಡೇನವಮಿಯ ಹಿಂದಿನ ದಿನ ನಮ್ಮ ಕಾಲೊನಿಯ ಕನ್ನಡ ಮನೆಗಳ ಎಲ್ಲ ಅಲಗುಗಳೂ ನನ್ನ ಅಂಗಡಿಗೆ ಬರುತ್ತವೆ. ಈಳಿಗೆ, ಕುಡುಗೋಲು, ಕತ್ತರಿ, ಅಡಕೊತ್ತು, ಚಾಕು. ಪೂಜೆಗೆ ಇಡುವ ಮುಂಚೆ ಎಲ್ಲಕ್ಕೂ ಸಾಣೆ ಆಗಬೇಕು. ಆ ದಿನ ನಾನು ಯಾರಿಗೂ ಇಲ್ಲ ಅನ್ನುವುದಿಲ್ಲ, ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಮನೆಮನೆಯದನ್ನು ಕೂಡಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ ತರುತ್ತಾರೆ, ನಾನು ಗಂಟು ಬಿಚ್ಚಿ, ಒಂದಾದ ಮೇಲೆ ಒಂದು ಹಿಡಿಯುತ್ತಾ ಹೋಗುತ್ತೇನೆ. ಎಂಬತ್ತು ತೊಂಬತ್ತು ಅಲಗು. ಕಣ್ಣಲ್ಲಿ ಧೂಳು, ನೀರು. ಕೈ ತಾನೇ ಕೆಲಸ ಮಾಡುತ್ತದೆ. ಹರಿತ ಹೋದದ್ದಕ್ಕೆ ಹರಿತ, ಮೊನೆ ಹೋದದ್ದಕ್ಕೆ ಮೊನೆ.

ಈ ಸಲ ಆ ಗಂಟು ತಂದವಳು ಗೌರಾಬಾಯಿ.

ಕಲ್ಲು ಸಿಕ್ಕರೆ ಕೈ ಸಿಗುತ್ತದೆ ಅಂದಿದ್ದೆನಲ್ಲ, ಸಿಕ್ಕಿತು. ಮಾಡಿದ್ದುಣ್ಣೋ ಮಹಾರಾಯ.

*

ನಾಲ್ಕು ಗಂಟೆಗೆ ಗೌರಾಬಾಯಿಯೇ ಬಂದಳು. ಇಪ್ಪತ್ಮೂರು ದಿನದಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಾಳೆ. ಕುಪ್ಪಸದ ತೋಳು ಜೋಲುತ್ತಿತ್ತು.

"ಅಣ್ಣಾರ, ಸಾಹೇಬ್ರು ಏನಂದ್ರು? ನಾಳೆ ಬಿಡತಾರಂತೇನ್ರಿ ನನ್ನ ಕೂಸಿನ್ನ?"

"ಕುಂದರು."

"ಯಾಕ್ರಿ? ಏನಾತು?"

ನನಗೆ ಸುತ್ತಿಬಳಸಿ ಮಾತಾಡಲು ಬರುವುದಿಲ್ಲ.

"ಗೌರಾಬಾಯಿ, ಹಬ್ಬದ ಗಂಟಿನ್ಯಾಗ ಸ್ನೇಹಲ್‌ನ ಚಾಕು ಹಾಕಿದ್ದಿಯೇನು?"

ಅವಳು ಸೆರಗಿನ ತುದಿ ಹಿಡಿದುಕೊಂಡಳು.

"ಕೇಳ್ತೀನಿ, ಹೇಳು!"

"ಹಾಕಿದ್ದೆರಿ."

"ಯಾಕ? ಅದರ ಮೊನಿ ನಾನ ತಗದಿದ್ದು ನಿನ್ನ ಕಣ್ಣ ಮುಂದನ ಅಲ್ಲೇನು?"

"ಅದಕ್ಕ ಹಾಕಿದೆ." ಅವಳು ಅಳು ನುಂಗಿದಳು. "ಅಣ್ಣಾರ, ಮೊನಿ ಮುರದಂಗ ಕಾಣತಿತ್ತದು. ಭಿನ್ನ ಆದದ್ದನ್ನ ಪೂಜಾಕ್ಕ ಇಡಬಾರದಲ್ರಿ? ದುಡಿಯೂ ಹುಡುಗಿ, ಅಕಿ ಕೈಯಾಗಿನ ಆಯುಧ. ಅದನ್ನ ಮುಕ್ಕಾದದ್ದ ಹೆಂಗ ದೇವರ ಮುಂದ ಇಡ್ಲಿ? ವರ್ಷಾಪೂರ್ತಿ ಅಕಿಗಿ ಕೇಡಾದ್ರ? ನಿಮ್ಮ ಕೈಲೆ ಸರಿ ಆಗ್ಲಿ ಅಂತ ಗಂಟಿನ್ಯಾಗ ಹಾಕಿದೆ. ಹೇಳಿದ್ರ ನೀವು ಬೈತಿದ್ರಿ."

ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಯಾರ ತಲೆ? ಅವಳು ಭಕ್ತಿಯಿಂದ ಹಾಕಿದಳು, ನಾನು ಅಭ್ಯಾಸದಿಂದ ಎತ್ತಿದೆ. ಇಬ್ಬರೂ ಕೂಡಿ ಆ ಹುಡುಗಿಯ ಪಟ್ಟಿ ಕೊಯ್ಯುವ ಚಾಕುವನ್ನು ಕೊಲ್ಲುವ ಚಾಕು ಮಾಡಿದೆವು.

"ನಾಳೆ ನಾ ಕೋರ್ಟಿನ್ಯಾಗ ಏನಂತ ಹೇಳ್ಲಿ? ಎತ್ತಿದ ಕೈ ನಂದಲ್ಲ ಅಂತ ಬರಸೀನಿ. ಸುಳ್ಳಾತಲ್ಲ ಅದು!"

"ಹೇಳಬ್ಯಾಡ್ರಿ." ಕೈ ಮುಗಿದಳು. "ನಿಮ್ಮ ಕಾಲು ಬೀಳ್ತೀನಿ. ನಿಮಗ ಗೊತ್ತು, ನನಗ ಗೊತ್ತು. ಮೂರನೇದವ್ರಿಗೆ ಗೊತ್ತಿಲ್ಲ. ನೀವು ಸುಮ್ನಿದ್ರ ನನ್ನ ಕೂಸು ಹೊರಗ ಬರತದ."

"ಶಿವನ ಆಣಿ ಮಾಡಿ ಸುಳ್ಳು ಹೇಳ್ಲೇನು?"

"ನಿಮ್ಮ ಮಗಳಾಗಿದ್ರ?"

ಉತ್ತರ ಇಲ್ಲದಾಗ ನನಗೆ ಸಿಟ್ಟು ಬರುತ್ತದೆ, ಅದೊಂದು ಕೆಟ್ಟ ಚಾಳಿ.

"ನೀನ ಮಾಡಿದ್ದು ಇದು!" ಕೂಗಿಬಿಟ್ಟೆ. "ಭಿನ್ನ ಅಂತ, ಮುಕ್ಕು ಅಂತ! ಇರ್ಲಿ ಬಿಡಬೇಕಿತ್ತು ಮೊಂಡಾಗಿ! ಯಾವ ದೇವರು ಕೇಳಿದ್ದ ನಿನ್ನ ಆ ಮೊನಿ? ಪೂಜಾ ಮಾಡಿದ್ಯೋ, ಮಗಳ ಕೊರಳಿಗೆ ಹಗ್ಗ ತಂದ್ಯೋ?"

ಅವಳ ಮುಖ ಕೆಂಪಾಯಿತು. ಮಗಳ ವಿಷಯಕ್ಕೆ ಕಾಲು ಹಿಡಿಯುವ ಹೆಂಗಸು, ದೇವರ ವಿಷಯಕ್ಕೆ ತಲೆ ಎತ್ತಿದಳು.

"ಪೂಜಾಕ್ಕ ಅನಬ್ಯಾಡ್ರಿ ಅಣ್ಣಾರ! ಕುಂದು ಬರೂಹಂಗ ಮಾಡಿಲ್ಲ ನಾ. ನೋಡ್ರಿ ಇಲ್ಲಿ, ನೋಡ್ರಿ!"

ಮೊಬೈಲ್ ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. ಮಣೆ, ಮಣೆಯ ಮೇಲೆ ಕೆಂಪು ಖಣದ ಬಟ್ಟೆ, ಅದರ ಮೇಲೆ ಹನ್ನೊಂದು ಅಲಗು ಸಾಲಾಗಿ. ವಿಭೂತಿ, ಕುಂಕುಮ, ಒಂದೊಂದಕ್ಕೂ ಒಂದೊಂದು ಚೆಂಡುಹೂವು. ನಡುವೆ ಬೆಲ್ಲದ ಬಣ್ಣದ ಮಚ್ಚೆಯ ಹಿಡಿ. ಅಲಗು ಬಿಡಿಸಿಟ್ಟಿದ್ದಳು. ಮೊನೆ ಹೊಳೆಯುತ್ತಿತ್ತು.

ಫೋಟೋದ ನೆತ್ತಿಯ ಮೇಲೆ ತಾರೀಖು ಅಚ್ಚಾಗಿತ್ತು. ಖಂಡೇನವಮಿಯದೇ. ಪಕ್ಕದಲ್ಲಿ ಸಮಯ. ಹತ್ತು ಗಂಟೆ ನಲವತ್ತು ನಿಮಿಷ.

ಒಂದು ಕ್ಷಣ ನನಗೆ ತಿಳಿಯಲಿಲ್ಲ. ಆಮೇಲೆ ಮೊಬೈಲನ್ನು ಅವಳ ಕೈಯಿಂದ ಕಸಿದುಕೊಂಡೆ.

"ಗೌರಾಬಾಯಿ, ಆವತ್ತ ಸ್ನೇಹಲ್ ಕೆಲಸಕ್ಕ ಎಷ್ಟೊತ್ತಿಗೆ ಹೋದ್ಲು?"

"ದಿನದಂಗ. ಮುಂಜಾನಿ ಐದೂ ಕಾಲರ ಬಸ್ಸಿಗೆ."

"ಏಳಕ್ಕ ಗೇಟಿನ್ಯಾಗ ಪಂಚ್ ಮಾಡ್ಯಾಳ, ಪೊಲೀಸ್ರ ಕಾಗದದಾಗ ಅದ. ಆಮ್ಯಾಲ ಹೊರಗ ಬಂದಿಲ್ಲ. ಹತ್ತೂ ನಲವತ್ತಕ್ಕ ಈ ಚಾಕು ನಿನ್ನ ಮನಿ ಮಣಿ ಮ್ಯಾಲ ಅದ! ಅಕಿ ಒಯ್ದಿಲ್ಲ! ತಂಗೀ, ಅಕಿ ಒಯ್ದಿಲ್ಲ! ಮೊನಿ ಯಾರು ಎತ್ತಿದ್ರ ಏನೀಗ? ನಾ ಎತ್ತೀನಿ ಅಂತ ನಾನ ಹೇಳ್ತೀನಿ. ನಿನ್ನ ಮಗಳು ಹೊರಗ ಬಂದ್ಲು ತಿಳಕೋ!"

ಕಣ್ಣಲ್ಲಿ ನೀರು ಬಂದುಬಿಟ್ಟಿತು. ಇಷ್ಟು ದಿನದ ಪಾಪ ಒಂದೇ ಏಟಿಗೆ ಇಳಿದಂತೆ ಅನ್ನಿಸಿತು. ಅವಳ ಮೊಬೈಲಿನಿಂದಲೇ ಫೋಟೋವನ್ನು ರಂಜನಾ ವಕೀಲರಿಗೆ ಕಳಿ‌ಸಿದೆ. ಕೆಳಗೆ ಬರೆದೆ: ಸಮಯ ನೋಡ್ರಿ.

"ಬ್ಯಾಡ!"

ಗೌರಾಬಾಯಿ ನನ್ನ ಮುಂಗೈ ಹಿಡಿದಿದ್ದಳು. ಆ ಹಿಡಿತಕ್ಕೆ ಎಲುಬು ನೊಂದಿತು.

"ಕಳಿಸಿದ್ರೇನು? ಅಣ್ಣಾರ, ಕಳಿಸಿಬಿಟ್ರೇನು?"

"ಕಳಿಸಿದೆ. ಯಾಕ? ಮಗಳು ಹೊರಗ ಬರೂದು ಬ್ಯಾಡೇನು ನಿನಗ?"

ಅವಳು ಕೈ ಬಿಟ್ಟಳು. ಸ್ಟೂಲಿನ ಮೇಲೆ ಕುಸಿದು ಕೂತಳು.

"ಅಕಿ ಒಯ್ದಿಲ್ಲ ಅಂದ್ರ, ಮಣಿ ಮ್ಯಾಲಿನ ಚಾಕು ರಾಂಜಣಗಾಂವಕ್ಕ ಹೆಂಗ ಹೋತು ಅಂತ ಸಾಹೇಬ ಕೇಳೂದಿಲ್ಲೇನ್ರಿ?"

ಸ್ಟೇಶನ್ನಿನ ಕಡೆಯಿಂದ ಲೋಕಲ್ ರೈಲು ಬಂದು ನಿಂತ ಸದ್ದು ಕೇಳಿಸಿತು.

"ಪೂಜಾಕ್ಕ ಇಟ್ಟ ಆಯುಧ ಮರುದಿನದ ತನಕ ಎತ್ತಬಾರದು," ಎಂದೆ. ಯಾಕೆ ಆ ಮಾತು ಬಂತೋ ಗೊತ್ತಿಲ್ಲ. "ನಿಮ್ಮ ಮನ್ಯಾಗ ಯಾರು ಎತ್ತತಾರ?"

"ಮಶೀನ್ ಪೂಜಾಕ್ಕ ಮನಿಮಂದಿ ಬರ್ರಿ ಅಂತ ಕಂಪನಿ ಬಸ್ ಕಳಿಸಿದ್ರು. ಹನ್ನೊಂದೂವರಿಗೆ." ಅವಳ ದನಿಯಲ್ಲಿ ಏನೂ ಇರಲಿಲ್ಲ. "ಅದರ ಹಿಂದಿನ ರಾತ್ರಿ ಸ್ನೇಹಲ್ ಊಟ ಬಿಟ್ಟು ಎಲ್ಲಾ ಹೇಳಿದ್ಲು. ಅಂವ ಏನ್ ಮಾಡ್ಯಾನ, ಏನ್ ಅಂದಾನ, ಎಲ್ಲಾ. ಬೆಳಿಗ್ಗೆ ಪೂಜಾ ಮಾಡಿದೆ. ಕೈ ಮುಗದು ನಿಂತೆ. ದೇವರ ಮಾರಿ ಕಾಣಲಿಲ್ರಿ. ಅದರ ಮೊನೀನ ಕಾಣಾಕತ್ತಿತು."

"ಹೋಗೇ ಇಲ್ಲ, ಜ್ವರ ಬಂದು ಮಲಗಿದ್ದೆ ಅಂತ ಪೊಲೀಸ್ರ ಮುಂದ ಹೇಳಿದ್ಯಲ್ಲ ನೀನು!"

"ಎರಡು ನೂರು ಹೆಂಗಸ್ರು, ಎಲ್ಲಾರೂ ಹೊಸ ಸೀರಿ. ಯಾರು ಯಾರನ್ನ ನೋಡ್ಯಾರ?"

ಆಗ ತಿಳಿಯಿತು ನನಗೆ, ಆ ಹುಡುಗಿ ಯಾಕೆ ಬಾಯಿ ಬಿಡುತ್ತಿಲ್ಲ ಅಂತ. ಮನೆಯಲ್ಲಿ ಮಣೆಯ ಮೇಲೆ ಇರಬೇಕಾದ ತನ್ನ ಚಾಕುವನ್ನು ಅವನ ಹೊಟ್ಟೆಯಲ್ಲಿ ನೋಡಿದ್ದಾಳೆ. ನೋಡಿದ ಕೂಡಲೇ ತಿಳಿದಿದ್ದಾಳೆ. ಕಿತ್ತು ಕೈಯಲ್ಲಿ ಹಿಡಿದು ಅಲ್ಲೇ ಕೂತಿದ್ದಾಳೆ, ಎಲ್ಲರೂ ಬಂದು ನೋಡಲಿ ಅಂತ.

"ಅಕಿಗಿ ಗೊತ್ತದ," ಎಂದೆ.

"ಜೈಲಿನ್ಯಾಗ ಭೆಟ್ಟಿಗೆ ಹೋದಾಗ ಒಂದ ಮಾತು ಅಂದ್ಲು. ಅವ್ವಾ, ನೀ ಬಾಯಿ ಬಿಟ್ರ ನಾ ಇಲ್ಲೇ ಜೀವ ಕೊಡ್ತೀನಿ ಅಂತ. ಅದಕ್ಕ ನಿಮ್ಮ ಕಾಗದದ ಮ್ಯಾಲ ಜೀವ ಇಟ್ಟಿದ್ದೆ ಅಣ್ಣಾರ. ಅಕೀನೂ ಬರ್ಲಿ, ನಾನೂ ಇರ್ಲಿ ಅಂತ ಆಸೆ. ಆಸೆ ಕೆಟ್ಟದ್ದು."

ಮೊಬೈಲ್ ನೋಡಿದೆ. ಅಳಿಸಿಬಿಡಬಹುದು ಅಂತ ಒಂದು ವಿಚಾರ ಬಂತು. ಬಂದದ್ದು ಖರೆ, ಅದನ್ನೇಕೆ ಮುಚ್ಚಿಡಲಿ? ಆದರೆ ಫೋಟೋದ ಕೆಳಗೆ ಎರಡು ಟಿಕ್ ಗುರುತು ನೀಲಿಯಾಗಿದ್ದವು. ನೋಡಿದ್ದಾರೆ.

ಏಪ್ರಿಲ್‌ನಲ್ಲಿ ಮಗಳಿಗೆ ಒಳ್ಳೆಯದಾಗಲಿ ಅಂತ ಚಾಕು ಆರಿಸಿದೆ. ಇವತ್ತು ಒಳ್ಳೆಯದಾಗಲಿ ಅಂತಲೇ ಫೋಟೋ ಕಳಿಸಿದೆ. ನನ್ನಂಥ ಉಪಕಾರಿಗೆ ಊರಲ್ಲಿ ಜಾಗ ಕೊಡಬಾರದು.

ಮೊಬೈಲ್ ರಿಂಗಾಯಿತು. ರಂಜನಾ ವಕೀಲರು. ಎತ್ತುವ ಗಡಿಬಿಡಿಯಲ್ಲಿ ನನ್ನ ಬೆರಳು ಸ್ಪೀಕರ್ ಒತ್ತಿಬಿಟ್ಟಿತು.

"ಗೌರಾ ಮಾವಶೀ! ಕಾಕಾ ಅಲ್ಲೇ ಅದಾರೇನು? ಎಂಥಾ ಫೋಟೋ ಇದು! ಸ್ನೇಹಲ್ ಬಿಡುಗಡೆ ಆಗೂದು ಖಾತ್ರಿ! ಅವಧೂತ ಸಾಹೇಬ್ರು ಇಲ್ಲೇ ಕೋರ್ಟಿನ್ಯಾಗ ಅದಾರ. ಸಂತೋಷಕ್ಕ ತಡಕೊಳ್ಳಾಕ ಆಗಲಿಲ್ಲ, ತೋರಿಸೇಬಿಟ್ಟೆ."

ಗೌರಾಬಾಯಿ ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು, ರೊಟ್ಟಿ ಬಡಿಯಲು ಕೂಡುವ ಮುಂಚೆ ಮಾಡುವಂತೆ.

ಆ ಕಡೆ ಗಂಡು ದನಿ ಏನೋ ಕೇಳಿತು. ರಂಜನಾ ವಕೀಲರ ದನಿ ತಟಕ್ಕನೆ ಇಳಿಯಿತು.

"ಕಾಕಾ... ಸಾಹೇಬ್ರು ಒಂದ ಮಾತು ಕೇಳಾಕತ್ತಾರ. ಸ್ನೇಹಲ್ ಹೋದ ಮ್ಯಾಲ ಮನ್ಯಾಗ ಯಾರ್ಯಾರು ಇದ್ರು?"

"ಯಾರಿದ್ರು ಅಂತ ನನಗ..." ಎಂದು ನಾನು ಶುರು ಮಾಡಿದೆ.

ಗೌರಾಬಾಯಿ ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡಳು.

"ವಕೀಲ್ ಬಾಯಾರ, ಮೊದಲ ಇದು ಹೇಳ್ರಿ," ಅಂದಳು. "ನನ್ನ ಕೂಸನ್ನ ಇವತ್ತ ಸಂಜಿಕ ಬಿಡತಾರೋ, ನಾಳೆ ಬಿಡತಾರೋ?"

"ನಾಳೆ ಆರ್ಡರ್ ಆಗತದ ಮಾವಶೀ. ಆದ್ರ ಮನ್ಯಾಗ..."

"ಹಂಗಾದ್ರ ಸಾಹೇಬ್ರಿಗೆ ಹೇಳ್ರಿ. ಮನ್ಯಾಗ ನಾ ಒಬ್ಬಾಕಿನ ಇದ್ದೆ."